ಮಾನ ಮರ್ಯಾದೆಯ ದೃಷ್ಟಿಯಿಂದ

ಹೋದ ತಿಂಗಳು ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೀರೆ ತರಲೆಂದು ಆಳಂದದ ಬಜಾರಕ್ಕೆ ಹೋಗಿದ್ದೆ. ಅಂಗಡಿಯವನು ಹೊಸ ಸೀರೆಯ ಮಡಿಕೆ ಬಿಚ್ಚಿ ಮುಂದೆ ಹಾಸಿದ. ಗಂಜಿಯ ವಾಸನೆ, ಅದರ ಜೊತೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿಬ್ಬೊಟ್ಟೆ ತಾನಾಗಿಯೇ ಬಿಗಿಯಿತು. ಮೊದಲು ಏನೆಂದು ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಇಂಥದೇ ಒಂದು ಸೀರೆ ಅಂಗಡಿಯ ಮೇಲ್ಮಹಡಿಯಲ್ಲಿ, ಇದೇ ವಾಸನೆಯ ನಡುವೆ, ನಾನು ಹೆಚ್ಚುಕಡಿಮೆ ಒಂದು ವರ್ಷ ಬೆಳಗಿನಿಂದ ಸಂಜೆಯ ತನಕ ಉಚ್ಚೆ ತಡೆದುಕೊಂಡು ಕೂತಿದ್ದೆ. ಆ ಬಿಗಿತ ಇನ್ನೂ ಮೈಬಿಟ್ಟು ಹೋಗಿಲ್ಲ.

ಆಗ ನಾನು ವರ್ತಕರ ಸಂಘದ ಆಫೀಸಿನಲ್ಲಿ ಟೈಪಿಸ್ಟ್. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿಗೆ ಸೇರಿದ ಸಂಘ. ಅದರ ಪೂರ್ತಿ ಹೆಸರು ಇಲ್ಲಿ ಬೇಡ. ಬೋರ್ಡಿನ ಮೇಲೆ ಅದು ಎರಡು ಸಾಲು ತಿನ್ನುತ್ತಿತ್ತು, ಅಷ್ಟು ತಿಳಿದರೆ ಸಾಕು. ಅಧ್ಯಕ್ಷರು ಚನ್ನವೀರಪ್ಪ ಸಾವಕಾರರು. ಕೆಳಗೆ ಅವರ ಸೀರೆ ಅಂಗಡಿ, ಮೇಲೆ ಸಂಘದ ಆಫೀಸು. ಕಾರ್ಯದರ್ಶಿ ವಿಠ್ಠಲರಾವ್, ಎದುರಿನ ಔಷಧಿ ಅಂಗಡಿಯವರು. ಸಂಘದ ಕೆಲಸವೆಂದರೆ ಮನವಿ ಕೊಡುವುದು. ಸರ್ಕಾರ ಏನು ಮಾಡಹೊರಟರೂ ಸಂಘಕ್ಕೆ ಅದು ಬೇಡ. ಪ್ಲಾಸ್ಟಿಕ್ ಚೀಲ ನಿಲ್ಲಿಸುವುದು ಬೇಡ. ಬಜಾರದಲ್ಲಿ ಏಕಮುಖ ಸಂಚಾರ ಬೇಡ. ಅಂಗಡಿಯ ಕೆಲಸದವರಿಗೆ ವಾರಕ್ಕೊಂದು ರಜೆ ಕೊಡಬೇಕೆಂಬ ಹಳೆಯ ಕಾನೂನನ್ನು ಯಾರೋ ನೆನಪಿಸಿದರು, ಅದಂತೂ ಬೇಡವೇ ಬೇಡ. ಪ್ರತಿಯೊಂದು ಮನವಿಯ ಕೊನೆಗೂ ‘ಸಮಸ್ತ ನಾಗರಿಕರ ಪರವಾಗಿ’ ಎಂದು ನಾನು ಟೈಪ್ ಮಾಡುತ್ತಿದ್ದೆ. ಸಮಸ್ತ ನಾಗರಿಕರೆಂದರೆ ಮಂಗಳವಾರದ ಸಭೆಗೆ ಬಂದು, ಭಜಿ ತಿಂದು, ಚಹಾ ಕುಡಿದು, ಸಹಿ ಹಾಕಿ ಹೋಗುವ ಹನ್ನೊಂದು ಜನ ಗಂಡಸರು.

ನಾನು ಕಡಗಂಚಿಯಿಂದ ಬಸ್ಸಿಗೆ ಬರುತ್ತಿದ್ದೆ. ಬಿ.ಎ. ಮುಗಿಸಿ, ಕಂಪ್ಯೂಟರ್ ಕಲಿತು, ಸಿಕ್ಕ ಮೊದಲ ಕೆಲಸ ಇದು. ಮನವಿಯ ಕನ್ನಡ ನನಗೆ ಬೇಗ ಕೈಹತ್ತಿತು. ಸಾವಕಾರರು ಬಾಯಿಗೆ ಬಂದಂತೆ ಹೇಳಿದ್ದನ್ನು ನಾನು ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುಮಾಡಿ, ಓದಿದವರು ಎದ್ದು ನಿಲ್ಲುವ ಹಾಗೆ ಬರೆಯುತ್ತಿದ್ದೆ. ನನಗೆ ಆಗ ಅದರ ಬಗ್ಗೆ ಹೆಮ್ಮೆ ಕೂಡ ಇತ್ತು. ಈ ಬರಹದಲ್ಲಿ ಯಾರ ಮೇಲಾದರೂ ನನ್ನ ತಿರಸ್ಕಾರ ಕಂಡರೆ, ಅದರಲ್ಲಿ ಆಗಿನ ಆ ಹುಡುಗಿಗೂ, ಅಂದರೆ ನನಗೂ, ಪಾಲಿದೆ.

ಕೆಳಗಿನ ಅಂಗಡಿಯಲ್ಲಿ ಸೀರೆ ತೋರಿಸುವ ಐದು ಜನ ಹೆಣ್ಣುಮಕ್ಕಳಿದ್ದರು. ಎಲ್ಲರಿಗಿಂತ ಹಿರಿಯಳು ಲಲಿತಾಬಾಯಿ, ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವಳು. ನಲವತ್ತೆರಡು ನಲವತ್ಮೂರರ ವಯಸ್ಸು. ಅದೇ ಅಂಗಡಿಯಲ್ಲಿ ಇಪ್ಪತ್ತು ವರ್ಷ ನಿಂತು ಕೆಲಸ ಮಾಡಿದವಳು. ನಿಂತು ಎಂದರೆ ನಿಂತೇ, ಗಿರಾಕಿ ಇಲ್ಲದಾಗಲೂ ಕೂಡುವ ಹಾಗಿರಲಿಲ್ಲ. ಮಧ್ಯಾಹ್ನ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ರೊಟ್ಟಿ ತಿಂದು ನೀರಿನ ಬಾಟಲಿ ಎತ್ತಿದಾಗ ಅವಳು ನನ್ನ ಕೈ ಹಿಡಿದಳು.

"ಎರಡೇ ಗುಟುಕು ಕುಡಿ ಬೇ," ಅಂದಳು. "ಗಂಟಲ ತೋಯ್ದ್ರ ಸಾಕು."

"ಯಾಕಕ್ಕಾ?"

"ಕುಡಿದ್ರ ಹೋಗ್ಬೇಕಾಗ್ತದ. ಎಲ್ಲಿಗಿ ಹೋಗ್ತಿ?"

ಹೌದು, ಎಲ್ಲಿಗೆ? ಆ ಬಜಾರದ ಅಂಗಡಿಗಳಲ್ಲಿ ಮೂವತ್ತು ಹೆಣ್ಣುಮಕ್ಕಳಾದರೂ ಕೆಲಸ ಮಾಡುತ್ತಿದ್ದರು. ಸಂತೆಯ ದಿನ ಹಳ್ಳಿಗಳಿಂದ ಬರುವವರು ಬೇರೆ. ಹಿಂದಿನ ಓಣಿಯಲ್ಲಿ ಒಂದು ಬಿದ್ದ ಮನೆಯ ಗೋಡೆಯಿತ್ತು. ಇಬ್ಬರು ಜೊತೆಯಾಗಿ ಹೋಗಿ, ಒಬ್ಬಳು ಕಾವಲು ನಿಂತು ಇನ್ನೊಬ್ಬಳು ಕಾಲ್ಮಡಿದು ಬರಬೇಕು. ಬೇಸಿಗೆ ಬಂತೆಂದರೆ ಆ ಗೋಡೆಯ ನೆರಳಿನಲ್ಲೇ ಗಂಡಸರು ಇಸ್ಪೀಟು ಹರಡಿಕೊಂಡು ಕೂಡುತ್ತಿದ್ದರು. ಅಲ್ಲಿಗೆ ಅದೂ ಮುಗಿಯಿತು.

ಸಂಘದ ಆಫೀಸಿಗೆ ಸ್ವಂತದ್ದೊಂದು ಪಾಯಖಾನೆ ಇತ್ತು. ಬಾಗಿಲಿಗೆ ಕೀಲಿ, ಕೀಲಿಕೈ ಸಾವಕಾರರ ಕುರ್ಚಿಯ ಹಿಂದಿನ ಮೊಳೆಯಲ್ಲಿ. ನಾನು ಒಮ್ಮೆ, ತೀರಾ ತಡೆಯಲಾಗದ ದಿನ, ವಿಠ್ಠಲರಾವ್ ಅವರನ್ನು ಕೇಳಿದ್ದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, "ಅದು ಕಮಿಟಿದವರಿಗಿ ಅದವಾ," ಅಂದರು. ಮತ್ತೆ ಕೇಳಲಿಲ್ಲ.

ಯುಗಾದಿ ಮುಗಿದ ವಾರ ಪುರಸಭೆಯಿಂದ ಒಂದು ತಿಳಿವಳಿಕೆ ಪತ್ರ ಬಂತು. ಬಜಾರದ ತಿರುವಿನಲ್ಲಿರುವ ಸರ್ಕಾರಿ ಖಾಲಿ ಜಾಗದಲ್ಲಿ ಹೆಣ್ಣುಮಕ್ಕಳಿಗಾಗಿ ಶೌಚಾಲಯ ಕಟ್ಟುತ್ತೇವೆ, ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಎಂದಿತ್ತು. ನಾನೇ ಲಕೋಟೆ ಒಡೆದವಳು. ಓದಿ, ಮಡಚಿ, ಸಾವಕಾರರ ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋಗಿ ಲಲಿತಕ್ಕನ ಕಿವಿಯಲ್ಲಿ ಹೇಳಿ ಬಂದೆ. ಅವಳು ಗಿರಾಕಿಯ ಮುಂದೆ ಸೆರಗು ಹರಡಿ ಹಿಡಿದವಳು ಹಾಗೇ ನಿಂತು, "ಖರೇನಾ?" ಅಂದಳು.

ಸಂಘದವರು ಮಂಗಳವಾರದ ತನಕ ಕಾಯಲಿಲ್ಲ. ಅವತ್ತೇ ಸಂಜೆ ತುರ್ತು ಸಭೆ ಸೇರಿತು. ಬರಗಾಲ ಬಂದಾಗ ಸೇರದವರು, ಬಜಾರಕ್ಕೆ ಹದಿನೈದು ದಿನ ನೀರು ಬರದಿದ್ದಾಗ ಸೇರದವರು, ಅವತ್ತು ಹನ್ನೊಂದಕ್ಕೆ ಹನ್ನೊಂದೂ ಜನ ಬಂದಿದ್ದರು.

"ಬಜಾರದ ನಟ್ಟನಡುವ ಪಾಯಖಾನಿ ಅಂದ್ರ ಹೆಂಗ್ರಿ?" ಸಾವಕಾರರು ಶುರುಮಾಡಿದರು. "ಇದು ಲಕ್ಷ್ಮಿ ಬರೋ ಜಾಗ."

"ನನ್ನ ಅಂಗಡಿ ಎದುರಿಗೇ ಆಗ್ತದ," ವಿಠ್ಠಲರಾವ್ ಅಂದರು. "ವಾಸನಿಗಿ ಗಿರಾಕಿ ನಿಲ್ಲಂಗಿಲ್ಲ."

ಮೂಲೆಯಲ್ಲಿದ್ದ ಕಿರಾಣಿ ಅಂಗಡಿಯವರು ಕೇಳಿದರು, "ಅದೆಲ್ಲಾ ಖರೆರಿ. ಆದ್ರ ನಾವು ಗಾಡಿ ಎಲ್ಲಿ ನಿಲ್ಸೋದು?"

ಆ ಖಾಲಿ ಜಾಗದಲ್ಲಿ ದಿನಾ ಬೆಳಿಗ್ಗೆ ಇದೇ ಹನ್ನೊಂದು ಜನರ ಕಾರು, ಮೋಟರ್ ಸೈಕಲ್ಲು ನಿಲ್ಲುತ್ತಿದ್ದವು. ಹೊಟ್ಟೆಯೊಳಗಿನ ಮಾತು ಒಬ್ಬನ ಬಾಯಿಂದ ಹೊರಬಿದ್ದಿತ್ತು. ಸಾವಕಾರರು ನನ್ನ ಕಡೆ ತಿರುಗಿದರು.

"ಅದನ್ನ ಬರಿಬ್ಯಾಡ ಮಾದೇವಿ. ಬಜಾರದ ಘನತಿ ಅಂತ ಏನಾರ ಬರಿ. ನಿನಗ ಗೊತ್ತಾಗ್ತದ."

ನನಗೆ ಗೊತ್ತಾಯಿತು. ಮಾರುಕಟ್ಟೆಯ ಘನತೆ, ಸಾರ್ವಜನಿಕ ಆರೋಗ್ಯ, ವ್ಯಾಪಾರಕ್ಕೆ ಧಕ್ಕೆ, ಎಲ್ಲ ಬರೆದೆ. ಬರೆದ ಮೇಲೂ ಕಾಗದ ತೆಳ್ಳಗೆ ಕಂಡಿತು. ಒಂದು ಗಟ್ಟಿ ಮಾತು ಬೇಕೆನಿಸಿತು. ಹೊಲಿಗೆಯವಳು ಕೊನೆಗೊಂದು ಗುಂಡಿ ಹಚ್ಚುವಂತೆ ನಾನು ಹಚ್ಚಿದ ಸಾಲು ಇದು: ‘ಸ್ತ್ರೀಯರ ಮಾನ ಮರ್ಯಾದೆಯ ದೃಷ್ಟಿಯಿಂದ ನೋಡಿದರೂ, ಜನನಿಬಿಡ ಮಾರುಕಟ್ಟೆಯ ಮಧ್ಯದಲ್ಲಿ, ಪುರುಷರ ಕಣ್ಣೆದುರಿಗೆ ಇಂತಹ ಕಟ್ಟಡವಿರುವುದು ಸಮಂಜಸವಲ್ಲ.’

ಸಾವಕಾರರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಭೇಷ್," ಅಂದರು. "ಇದು ಹೆಣ್ಮಗಳ ಕೈಲೇ ಬರಬೇಕು ನೋಡ್ರಿ."

ನನಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಳಗಿನಿಂದ ಬಿಗಿಹಿಡಿದ ಹೊಟ್ಟೆಯಲ್ಲಿ ಕೂತು, ಹೊಗಳಿಕೆಗೆ ನಾನು ಹಲ್ಲು ಬಿಟ್ಟೆ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಸಾವಕಾರರ ಫೋಟೊ ಬಂತು. ಕೆಳಗೆ ನನ್ನ ಸಾಲು, ಅವರ ಬಾಯಿಂದ ಬಂದ ಮಾತಾಗಿ.

ಒಂದೇ ಊರಿನ ಮಾತಾದರೆ ತೂಕ ಸಾಲದು ಎಂದು ಅಫಜಲಪುರ, ಜೇವರ್ಗಿ ಶಾಖೆಗಳಿಂದಲೂ ಠರಾವು ತರುವುದೆಂದಾಯಿತು. ಚೈತ್ರದ ಬಿಸಿಲಲ್ಲಿ ಸಾವಕಾರರ ಕಾರಿನಲ್ಲಿ ಹೊರಟೆವು. ಮುಂದೆ ಡ್ರೈವರು, ಅವನ ಪಕ್ಕದಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪು, ಕಾಲ ಹತ್ತಿರ ಸಂಘದ ಮೊಹರು ಒತ್ತುವ ಶಿಕ್ಕೆ ಮತ್ತು ಹಾಳೆಗಳು. ಹಿಂದೆ ಸಾವಕಾರರು, ವಿಠ್ಠಲರಾವ್, ಕಿರಾಣಿಯವರು. ದಾರಿಯುದ್ದಕ್ಕೂ ಹೆಣ್ಣುಮಕ್ಕಳ ಮರ್ಯಾದೆಯ ಮಾತು. ನಮ್ಮ ಕಾಲದಾಗ ಹೆಣ್ಮಕ್ಕಳು ಬಜಾರಕ್ಕೇ ಬರ್ತಿದ್ದಿಲ್ಲ ಅಂತ ಒಬ್ಬರು, ಮರ್ಯಾದಿ ಇದ್ದಾಕಿ ಅಂಥಾ ಕಡೆ ಕಾಲಿಡಂಗಿಲ್ಲ ಅಂತ ಇನ್ನೊಬ್ಬರು. ಆಳಂದ ಬಿಟ್ಟು ಒಂದು ತಾಸಾಗಿರಲಿಲ್ಲ, ಸಾವಕಾರರು "ಸ್ವಲ್ಪ ನಿಲ್ಸಪಾ" ಅಂದರು. ಮೂವರೂ ಇಳಿದರು. ತೊಗರಿ ಕೊಯ್ದ ಹೊಲದ ಬದುವಿಗೆ, ಕಾರಿನಿಂದ ಹತ್ತು ಹೆಜ್ಜೆಗೆ, ಸಾಲಾಗಿ ನಿಂತರು. ನಾನು ತಲೆ ಬಗ್ಗಿಸಿ ಶಿಕ್ಕೆಯ ಡಬ್ಬಿಯನ್ನು ನೋಡುತ್ತ ಕೂತೆ. ಹಗುರಾಗಿ ಬಂದು ಕಾರು ಹತ್ತಿ, ಮರ್ಯಾದೆಯ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದರು.

ಅಫಜಲಪುರದಲ್ಲಿ ಶಾಖೆಯ ಹಿರಿಯರೊಬ್ಬರು, ಅಡತಿ ಅಂಗಡಿಯ ಮುದುಕರು, ಠರಾವಿಗೆ ಸಹಿ ಹಾಕುವ ಮೊದಲು ಕೇಳಿದರು. "ಅಲ್ರಿ, ನಿಮ್ಮ ಅಂಗಡಿಯಾಗಿನ ಹೆಣ್ಮಕ್ಕಳು ಈಗ ಎಲ್ಲಿಗಿ ಹೋಗ್ತಾರ?"

"ಹೆಂಗೋ ಹೊಂದಿಸ್ಕೋತಾರ್ರಿ," ಸಾವಕಾರರು ಅಂದರು.

ಮುದುಕರು ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪಿನ ಮುಚ್ಚಳ ತೆರೆದೆ. ಅವರು ಸಹಿ ಹಾಕಿದರು.

ಅಲ್ಲಿಂದ ಹೊರಟು ಚೌಡಾಪುರದ ಹತ್ತಿರ ಮತ್ತೆ ಕಾರು ನಿಂತಿತು. ಮತ್ತೆ ಸಾಲಾಗಿ ಬೆನ್ನುಗಳು. ಆ ಹೊತ್ತಿಗೆ ನನಗೆ ಹೊಟ್ಟೆಯಲ್ಲಿ ಕಲ್ಲು ಇಟ್ಟಂತಾಗಿತ್ತು, ಕಾರು ಗುಂಡಿಗೆ ಇಳಿದಾಗಲೆಲ್ಲ ತುಟಿ ಕಚ್ಚಿಕೊಳ್ಳುತ್ತಿದ್ದೆ. ಜೇವರ್ಗಿ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಅಲ್ಲಿಯ ಶಾಖೆಯವರ ಮನೆಯಲ್ಲಿ ಊಟ. ಗಂಡಸರು ಕೈ ತೊಳೆಯಲು ಹೋದಾಗ ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ಆ ಮನೆಯ ಯಜಮಾನಿಗೆ ಮೆಲ್ಲಗೆ ಹೇಳಿದೆ. ಆಕೆ ನನ್ನ ಮುಖ ನೋಡಿದವರೇ ಕೈಹಿಡಿದು ಹಿತ್ತಲಿಗೆ ಕರೆದೊಯ್ದರು. ನಾನು ಹೊರಗೆ ಬರುವ ತನಕ ಕೊಡ ಹಿಡಿದು ನಿಂತಿದ್ದರು.

"ಮುಂಜಾನಿಂದ ಹಂಗೇ ಇದ್ದೀಯೇನವ್ವಾ?"

"ಹೌದ್ರಿ."

"ಹಿಂಗ ಮಾಡಬಾರದವ್ವಾ. ಏನ್ ಕೆಲಸಕ್ಕ ಬಂದೀರಿ ನೀವು?"

ನಾನು ಕೈಗೆ ನೀರು ಹಾಕಿಸಿಕೊಳ್ಳುತ್ತ, "ಬಜಾರದ ಕೆಲಸಕ್ಕರಿ," ಅಂದೆ. ಇದಕ್ಕಿಂತ ನಾಚಿಕೆಗೇಡಿನ ಸುಳ್ಳನ್ನು ನಾನು ಈ ತನಕ ಹೇಳಿಲ್ಲ.

ಅದಾಗಿ ಎರಡು ವಾರಕ್ಕೆ ಲಲಿತಕ್ಕ ಅಂಗಡಿಯಲ್ಲಿ ಬಿದ್ದಳು. ಮದುವೆಯ ಸೀಜನ್ನು, ಗಿರಾಕಿ ತುಂಬಿದ್ದರು. ರೇಷ್ಮೆ ಸೀರೆ ಬಿಚ್ಚುತ್ತಿದ್ದವಳು ಗಡಗಡ ನಡುಗಿ, ಹಾಸಿದ ಸೀರೆಗಳ ಮೇಲೇ ಕುಸಿದಳಂತೆ. ಕೂಗು ಕೇಳಿ ನಾನು ಇಳಿದು ಬರುವಷ್ಟರಲ್ಲಿ ಇಬ್ಬರು ಅವಳನ್ನು ಪಕ್ಕಕ್ಕೆ ಸರಿಸಿದ್ದರು. ಸಾವಕಾರರು ಸೀರೆಗೆ ಏನಾದರೂ ಆಗಿದೆಯೇ ಎಂದು ನೋಡುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಯಾರೂ ಹೇಳಿದ್ದಲ್ಲ.

ಆಟೋದಲ್ಲಿ ದವಾಖಾನೆಗೆ ಒಯ್ದೆ. ಮೈ ಕೆಂಡದಂತೆ ಸುಡುತ್ತಿತ್ತು. ಲೇಡಿ ಡಾಕ್ಟರು ಪರೀಕ್ಷೆ ಮಾಡಿಸಿ ಬಂದು ಹಾಸಿಗೆಯ ಅಂಚಿಗೆ ಕೂತರು. ಸೋಂಕು ಮೂತ್ರಪಿಂಡದ ತನಕ ಏರಿದೆ, ಇದು ಇವತ್ತು ನಿನ್ನೆಯದಲ್ಲ ಅಂದರು.

"ದಿನಕ್ಕ ಎಷ್ಟು ನೀರು ಕುಡಿತೀರಿ?"

"ಮನ್ಯಾಗ ಕುಡಿತೇನ್ರಿ. ಕೆಲಸದಾಗ ಕುಡಿಯಂಗಿಲ್ರಿ."

"ಯಾಕ?"

ಲಲಿತಕ್ಕ ಆ ಜ್ವರದಲ್ಲೂ ನನ್ನ ಮುಖ ನೋಡಿದಳು, ಇಷ್ಟು ಓದಿದವರಿಗೆ ಇದೂ ತಿಳಿಯುವುದಿಲ್ಲವೇ ಎಂಬಂತೆ. "ಕುಡಿದ್ರ ಹೋಗ್ಬೇಕಾಗ್ತದಲ್ರಿ," ಅಂದಳು.

ಹನ್ನೆರಡು ದಿನ ಅವಳು ದವಾಖಾನೆಯಲ್ಲಿದ್ದಳು. ಸಾವಕಾರರು ಒಂದು ಡಜನ್ ಮೋಸಂಬಿ ಕಳಿಸಿದರು. ಐದನೇ ದಿನ ಅವಳ ಜಾಗಕ್ಕೆ ಇಪ್ಪತ್ತರ ಹುಡುಗಿಯೊಬ್ಬಳನ್ನು ನಿಲ್ಲಿಸಿದರು. ಯಾಕೆಂದು ಯಾರೋ ಕೇಳಿದ್ದಕ್ಕೆ, "ಲಲಿತಾಗ ವಯಸ್ಸಾತು, ನಿಂತು ಕೆಲಸ ಮಾಡೋದು ಆಗಂಗಿಲ್ಲ ಪಾಪ," ಅಂದರಂತೆ. ಇಪ್ಪತ್ತು ವರ್ಷ ಅವಳನ್ನು ನಿಲ್ಲಿಸಿದ ಮನುಷ್ಯ ಆಡಿದ ಮಾತು ಇದು. ಆ ‘ಪಾಪ’ ಎಂಬ ಪದ ನನಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿತು.

ಆಕ್ಷೇಪಣೆಗಳ ವಿಚಾರಣೆ ಮೇ ತಿಂಗಳ ಒಂದು ಬೆಳಿಗ್ಗೆ. ಪುರಸಭೆಯ ಸಭಾಂಗಣದಲ್ಲಿ ಫ್ಯಾನುಗಳು ಬಿಸಿಗಾಳಿ ತಿರುವುತ್ತಿದ್ದವು. ಹೊಸದಾಗಿ ಬಂದಿದ್ದ ಮುಖ್ಯಾಧಿಕಾರಿ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಸಂಘದವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದಿನ ಎರಡು ಸಾಲು ತುಂಬಿದ್ದರು. ಸಾವಕಾರರು ಎದ್ದು ಐದು ನಿಮಿಷ ಮಾತಾಡಿ, "ನಮ್ಮ ಮನವಿ ನಮ್ಮ ಹುಡುಗಿನೇ ಓದ್ತಾಳ್ರಿ. ಇದು ಹೆಣ್ಮಕ್ಕಳ ವಿಷಯ, ಹೆಣ್ಮಗಳೇ ಓದಿದ್ರ ಛಲೋ," ಎಂದು ಕೂತರು. ಈ ಯೋಚನೆ ವಿಠ್ಠಲರಾವ್ ಅವರದು ಎಂದು ಆಮೇಲೆ ತಿಳಿಯಿತು.

ನಾನು ನಿಂತೆ, ಓದಿದೆ. ಧೈರ್ಯ ಮಾಡಿ ನಡುವೆ ನಿಲ್ಲಿಸಿದೆ ಎಂದು ಬರೆಯಬೇಕೆಂದು ಈಗ ಆಸೆಯಾಗುತ್ತದೆ. ನಿಲ್ಲಿಸಲಿಲ್ಲ. ಮಾನ ಮರ್ಯಾದೆಯ ದೃಷ್ಟಿಯ ಸಾಲನ್ನೂ ಓದಿದೆ, ಸಮಸ್ತ ನಾಗರಿಕರ ತನಕ ಪೂರ್ತಿ ಓದಿದೆ. ಮುಂದಿನ ಸಾಲಿನಲ್ಲಿ ಯಾರೋ ತಲೆಯಾಡಿಸಿದರು.

ಮುಖ್ಯಾಧಿಕಾರಿ ಸಾವಕಾರರನ್ನು ಕೇಳಿದರು. "ನಿಮ್ಮ ಅಂಗಡಿಯೊಳಗ ಹೆಣ್ಮಕ್ಕಳು ಕೆಲಸ ಮಾಡ್ತಾರಲ್ಲ, ಅವರಿಗೇನು ವ್ಯವಸ್ಥಾ ಅದ?"

"ಹೆಂಗೋ ಹೊಂದಿಸ್ಕೋತಾರ್ರಿ ಸಾಹೇಬ್ರ."

ಅವರು ಅದನ್ನು ಬರೆದುಕೊಂಡರು. ಆಮೇಲೆ ಇನ್ನೂ ನಿಂತೇ ಇದ್ದ ನನ್ನ ಕಡೆ ನೋಡಿದರು. "ಇದನ್ನ ಬರೆದವರು ಯಾರು?"

"ನಾನೇ ರಿ."

"ನೀವೂ ಅಲ್ಲೇ ಕೆಲಸ ಮಾಡ್ತೀರೇನು?"

"ಹೌದ್ರಿ. ಮ್ಯಾಲಿನ ಆಫೀಸಿನಾಗ."

"ನೀವು ಎಲ್ಲಿಗೆ ಹೋಗ್ತೀರಿ?"

ನಾನು ಉತ್ತರ ಯೋಚಿಸಿ ಬಂದಿರಲಿಲ್ಲ. ಸಾವಕಾರರು ನನ್ನನ್ನು ನೋಡುತ್ತಿರುವುದು ಕಿವಿಗೆ ಬಿಸಿಯಾಗಿ ತಾಗುತ್ತಿತ್ತು. ‘ಹೊಂದಿಸ್ಕೋತೇನ್ರಿ’ ಎಂದರೆ ಮುಗಿಯುತ್ತಿತ್ತು. ಆ ಮಾತು ಬಾಯಿಗೆ ಬರಲೇ ಇಲ್ಲ.

"ಎಲ್ಲಿಗೂ ಹೋಗಂಗಿಲ್ರಿ," ಅಂದೆ. "ಮುಂಜಾನಿ ಎಂಟಕ್ಕ ಕಡಗಂಚ್ಯಾಗ ಮನಿ ಬಿಡ್ತೇನಿ. ಸಂಜಿ ಏಳಕ್ಕ ಮನಿಗಿ ಹೋದಮ್ಯಾಲೇ. ಆಫೀಸಿನಾಗ ಒಂದದರಿ, ಅದರ ಕೀಲಿಕೈ ಕಮಿಟಿದವರ ಕಡಿ ಇರ್ತದ. ಕೆಳಗಿನ ಅಂಗಡಿಯಾಗಿನ ಲಲಿತಾಬಾಯಿ ಅಂತ, ನೀರು ಕುಡಿಲಾರದ ಕಿಡ್ನಿಗಿ ಬಂದು ದವಾಖಾನಿಯಾಗ ಹಾಕಿದ್ದೆವ್ರಿ. ಈ ಕಾಗದದಾಗ ಬರ್ದೇವಲ್ರಿ, ಮಾನ ಮರ್ಯಾದಿ ಅಂತ. ಅಲ್ಲಿ ಗಾಡಿ ನಿಲ್ಸ್ತಾರ್ರಿ."

ದನಿ ಏರಿರಲಿಲ್ಲ. ಕೊನೆಯ ಮಾತು ಸರಿಯಾಗಿ ಕೇಳಿಸಲಿಲ್ಲವೆಂದು ಅವರು ಮತ್ತೊಮ್ಮೆ ಹೇಳಿಸಿದರು. ಹೇಳಿದೆ. ಅದನ್ನೂ ಬರೆದುಕೊಂಡು, ಹಾಳೆಯನ್ನು ನನ್ನ ಕಡೆ ತಿರುಗಿಸಿ ಸಹಿ ಹಾಕಲು ಹೇಳಿದರು. ಹೀಗೆ ಒಂದೇ ಫೈಲಿನಲ್ಲಿ ಶೌಚಾಲಯ ಬೇಡವೆಂದು ನಾನು ಬರೆದ ಮನವಿಯೂ, ಬೇಕೆಂದು ನಾನು ಕೊಟ್ಟ ಹೇಳಿಕೆಯೂ ಸೇರಿಕೊಂಡವು.

ಸಾವಕಾರರು ಬೈಯಲಿಲ್ಲ. ಮೆಟ್ಟಿಲಿಳಿಯುವಾಗ, "ಉಂಡ ಮನಿ ಅದು, ನೆನಪಿರಲಿ," ಅಂದರು ಅಷ್ಟೇ. ಅವರ ಮನೆಯಲ್ಲಿ ನಾನು ಒಂದು ಲೋಟ ನೀರು ಕೂಡ ಕುಡಿದವಳಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ತೆಗೆದರೆ ಬರೆಯುವವರು ಯಾರು? ಮುಂದಿನ ಮೂರು ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಟೈಪ್ ಮಾಡಬೇಕಾದ ಕಾಗದಗಳು ಮೇಜಿನ ಮೇಲೆ ಬಂದು ಬೀಳುತ್ತಿದ್ದವು, ನಾನು ಟೈಪ್ ಮಾಡಿ ಇಡುತ್ತಿದ್ದೆ. ನನಗೂ ಬೇರೆ ಕೆಲಸ ಸಿಕ್ಕಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಖಬರ್ ಬಂತು. ಶೌಚಾಲಯ ಅದೇ ಜಾಗದಲ್ಲಿ ಕಟ್ಟುವುದೆಂದು ಆದೇಶವಾಗಿತ್ತು. ಸಂಘದವರು ಮೇಲಿನವರ ಕಡೆ ಓಡಿದರು. ಯಾವ ಮೇಲಿನವರೋ ಫೋನಿನಲ್ಲಿ ಸಾವಕಾರರಿಗೆ, ಹೆಂಗಸರ ವಿಷಯ, ಪತ್ರಿಕೆಗೆ ಬಂದರೆ ಹೆಸರು ಕೆಡುತ್ತದೆ, ಸುಮ್ಮನಿರಿ ಎಂದರಂತೆ. ಮರುದಿನ ಬೆಳಿಗ್ಗೆ ಸಾವಕಾರರು ನಗುತ್ತ ನನ್ನ ಮೇಜಿನ ಹತ್ತಿರ ಬಂದರು. ಮೂರು ವಾರದ ಮೇಲೆ ಮೊದಲ ಸಲ ಹೆಸರು ಹಿಡಿದು ಕರೆದರು.

"ಮಾದೇವಿ, ಒಂದು ಪತ್ರಿಕಾ ಪ್ರಕಟಣಿ ಬರಿ. ಬಜಾರದಾಗ ಹೆಣ್ಮಕ್ಕಳ ಶೌಚಾಲಯ ಆಗಬೇಕಂತ ನಮ್ಮ ಸಂಘ ಮೊದಲಿಂದ್ಲೂ ಹೋರಾಟ ಮಾಡಾಕತ್ತಿತ್ತು, ಈಗ ಅದಕ್ಕ ಜಯ ಸಿಕ್ಕದ ಅಂತ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ. ಆ ಮುಖದಲ್ಲಿ ತಮಾಷೆ ಇರಲಿಲ್ಲ. ನಾಚಿಕೆಯಂತೂ ಮೊದಲೇ ಇರಲಿಲ್ಲ.

"ಬ್ಯಾಡ ಅಂತ ಬರ್ದದ್ದು ನಾನೇ ಅಲ್ರಿ," ಅಂದೆ. "ಫೈಲಿನಾಗ ಅದರಿ."

"ಫೈಲ್ ಯಾರ್ ನೋಡ್ತಾರ?" ಅಂದರು, ಮಕ್ಕಳಿಗೆ ಹೇಳುವಷ್ಟು ಸಮಾಧಾನದಿಂದ.

ಅಷ್ಟು ದಿನ ನಾನು ಅವರಿಗೆ ಹೆದರಿದ್ದೆ, ಅವರು ಹೊಗಳಿದಾಗ ಉಬ್ಬಿದ್ದೆ. ಆ ಮಾತು ಕೇಳಿದ ಮೇಲೆ ಎರಡೂ ಹೋದವು. ಎದುರಿಗೆ ನಿಂತಿದ್ದವರು ಬಹಳ ಸಣ್ಣ ಮನುಷ್ಯರಾಗಿ ಕಂಡರು. ಬುತ್ತಿ ಚೀಲ ತೆಗೆದುಕೊಂಡೆ.

"ನಾ ಬರಿಯಂಗಿಲ್ರಿ. ನಾಳಿಯಿಂದ ಬರಂಗೂ ಇಲ್ಲ."

ಪ್ರಕಟಣೆಯನ್ನು ವಿಠ್ಠಲರಾವ್ ಬರೆದರು. ಬರೆದರು ಎನ್ನುವುದೂ ತಪ್ಪು. ನಾಲ್ಕು ದಿನದ ಮೇಲೆ ಪತ್ರಿಕೆಯಲ್ಲಿ ಓದಿದೆ: ‘ಸ್ತ್ರೀಯರ ಮಾನ ಮರ್ಯಾದೆಯ ದೃಷ್ಟಿಯಿಂದ ನೋಡಿದರೆ, ಜನನಿಬಿಡ ಮಾರುಕಟ್ಟೆಯ ಮಧ್ಯದಲ್ಲಿ ಇಂತಹ ಕಟ್ಟಡವಿರುವುದು ಅತ್ಯಂತ ಸಮಂಜಸ.’ ನನ್ನ ಸಾಲಿನ ಬಾಲ ಮಾತ್ರ ತಿರುಚಿದ್ದರು. ಎರಡೂ ಕಡೆಗೆ ಅಷ್ಟೇ ಸಲೀಸಾಗಿ ಕೂಡುವಂಥ ಸಾಲನ್ನು ಬರೆದದ್ದು ನಾನು.

ತಹಶೀಲ್ ಕಚೇರಿಯ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಲಲಿತಕ್ಕನೂ ಚೇತರಿಸಿಕೊಂಡು ಅದೇ ಬಜಾರದ ಪಾತ್ರೆ ಅಂಗಡಿಯೊಂದಕ್ಕೆ ಸೇರಿದಳು. ಆ ಅಂಗಡಿಯವ ಸಂಘದ ಸದಸ್ಯನಲ್ಲ, ಅವಳಿಗೊಂದು ಸ್ಟೂಲು ಹಾಕಿಕೊಟ್ಟಿದ್ದ. ಈಗ ಪಕ್ಕದಲ್ಲಿ ದೊಡ್ಡ ನೀರಿನ ಬಾಟಲಿ ಇಟ್ಟುಕೊಂಡು, ಡಾಕ್ಟರು ಹೇಳಿದಷ್ಟನ್ನೂ ಕುಡಿಯುತ್ತಿದ್ದಳು. ಪಾತ್ರೆ ಅಂಗಡಿಯವನ ಮನೆ ಹಿಂದೆಯೇ ಇತ್ತು, ಅಲ್ಲಿಗೆ ಹೋಗಿ ಬರುತ್ತಿದ್ದಳು.

ಶೌಚಾಲಯದ ಉದ್ಘಾಟನೆ ದಸರಾ ಮುಗಿದ ಮೇಲೆ. ಮಳೆ ಹೋಗಿ ಬಿಸಿಲು ಹದವಾಗಿತ್ತು. ಗೋಡೆಗೆ ಹಸಿರು ಬಣ್ಣ, ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್ನು, ಎದುರಿಗೆ ಪೆಂಡಾಲು. ವೇದಿಕೆಯ ಮೇಲಿದ್ದವರೆಲ್ಲ ಗಂಡಸರು. ಸಂಘದ ಕಡೆಯಿಂದ ದೊಡ್ಡ ಬ್ಯಾನರು, ‘ನಮ್ಮ ಸತತ ಹೋರಾಟದ ಫಲ’ ಎಂದು. ಲಲಿತಕ್ಕ ನೋಡೋಣ ಬಾ ಎಂದಳು, ಇಬ್ಬರೂ ಹೋಗಿ ಹೆಂಗಸರ ಸಾಲಿನಲ್ಲಿ ನಿಂತೆವು. ಆ ದಿನ ಪಾತ್ರೆ ಅಂಗಡಿಯವನ ಮನೆಗೆ ಬೀಗ, ಎಲ್ಲ ಯಾವುದೋ ಮದುವೆಗೆ ಹೋಗಿದ್ದರು.

ಸಾವಕಾರರು ಶೌಚಾಲಯದ ಬಾಗಿಲ ಮುಂದೆ ನಿಂತು, ಕತ್ತರಿ ಕೈಯಲ್ಲಿ ಹಿಡಿದೇ ಭಾಷಣ ಶುರುಮಾಡಿದರು. ಹೆಣ್ಣು ಮಕ್ಕಳ ನೋವು ನಮಗೆ ಗೊತ್ತಿಲ್ಲವೇ, ನಮ್ಮ ಮನೆಯಲ್ಲೂ ಅಕ್ಕತಂಗಿಯರಿಲ್ಲವೇ ಎಂದು ಹತ್ತು ನಿಮಿಷ. ಸಂಘದ ಇತಿಹಾಸ ಹತ್ತು ನಿಮಿಷ. ಲಲಿತಕ್ಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಸಾವಕಾರರು ಪ್ಲಾಸ್ಟಿಕ್ ಚೀಲದ ವಿಷಯಕ್ಕೆ ಬಂದಾಗ ಅವಳು ನನ್ನ ಕೈ ಬಿಟ್ಟು ಮುಂದೆ ನಡೆದಳು. ಓಡಲಿಲ್ಲ, ಯಾರನ್ನೂ ನೂಕಲಿಲ್ಲ. ಸಾವಕಾರರ ಎದುರಿಗೆ ಹೋಗಿ, ಇಪ್ಪತ್ತು ವರ್ಷ ಮಾತಾಡಿದ ಅದೇ ತಗ್ಗಿದ ದನಿಯಲ್ಲಿ ಅಂದಳು.

"ಸ್ವಲ್ಪ ಸರೀರಿ ಸಾವಕಾರ್ರ. ಡಾಕ್ಟ್ರು ತಡೀಬ್ಯಾಡ ಅಂದಾರ."

ಮೈಕು ಹತ್ತಿರವಿತ್ತು. ಅದು ಇಡೀ ಬಜಾರಕ್ಕೆ ಕೇಳಿತು. ಅವಳು ಸೆರಗು ಸರಿಮಾಡಿಕೊಂಡು, ಬಗ್ಗಿ, ರಿಬ್ಬನ್ನಿನ ಕೆಳಗೆ ನುಸುಳಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದೂ ಕೇಳಿತು. ಹೆಂಗಸರ ಸಾಲಿನಲ್ಲಿ ಮೊದಲು ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು, ಆಮೇಲೆ ಯಾರೂ ಒತ್ತಿಕೊಳ್ಳಲಿಲ್ಲ. ಹನ್ನೊಂದು ಜನ ಬಿಳಿ ಅಂಗಿಯವರು, ಒಬ್ಬ ಹೆಂಗಸು ಕಾಲ್ಮಡಿದು ಬರುವ ತನಕ, ಕತ್ತರಿ ಹಿಡಿದು ಬಿಸಿಲಲ್ಲಿ ಕಾದರು.

ಅವಳು ಹೊರಗೆ ಬಂದಾಗ ಸಾವಕಾರರು ರಿಬ್ಬನ್ನು ಎತ್ತಿ ಹಿಡಿದು, ಹಲ್ಲು ಕಾಣಿಸಿ ನಕ್ಕರು. ಯಾಕೆಂದು ಆಗ ತಿಳಿಯಲಿಲ್ಲ. ಮರುದಿನ ತಿಳಿಯಿತು. ಪತ್ರಿಕೆಯಲ್ಲಿ ಅದೇ ಫೋಟೊ, ಅದರ ಕೆಳಗೆ: ‘ಶೌಚಾಲಯದ ಮೊದಲ ಬಳಕೆಯ ಗೌರವವನ್ನು ಶ್ರಮಿಕ ಮಹಿಳೆಗೆ ಬಿಟ್ಟುಕೊಟ್ಟ ಸಂಘದ ಅಧ್ಯಕ್ಷರು.’

ಪತ್ರಿಕೆ ಹಿಡಿದು ಪಾತ್ರೆ ಅಂಗಡಿಗೆ ಹೋದೆ. ಲಲಿತಕ್ಕನಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಸ್ಟೀಲ್ ಲೋಟ ಒರೆಸುತ್ತ, "ಏನ್ ಬರ್ದಾರ, ಓದು," ಅಂದಳು. ಓದಿದೆ. ಮತ್ತೊಮ್ಮೆ ಓದಿಸಿದಳು.

"ಗೌರವ ಬಿಟ್ಟುಕೊಟ್ರು ಅಂತ ಬರ್ದಾರ?"

"ಹೂಂ."

"ನನಗ ಬಂದಿತ್ತು, ನಾ ಹೋದೆ," ಅಂದಳು. "ಅದರಾಗ ಅವ್ರು ಕೊಟ್ಟದ್ದೇನು?"

ನಾನು ಇನ್ನೂ ಏನೋ ಹೇಳುವುದಿತ್ತು. ಅಷ್ಟರಲ್ಲಿ ಗಿರಾಕಿ ಬಂದಳು, ಹಳ್ಳಿಯಾಕೆ, ಆರು ಲೋಟ ಆರಿಸಿದಳು. ಲಲಿತಕ್ಕ ನನ್ನ ಕೈಯಿಂದ ಪತ್ರಿಕೆ ಎಳೆದುಕೊಂಡು, ಸಾವಕಾರರ ಮುಖವಿದ್ದ ಹಾಳೆಯನ್ನು ನಡುವೆ ಹರಿದು, ಮೂರು ಮೂರು ಲೋಟ ಒಂದರೊಳಗೊಂದು ಕೂಡಿಸಿ, ಗಟ್ಟಿಯಾಗಿ ಸುತ್ತಿ ದಾರ ಬಿಗಿದಳು. ಆಮೇಲೆ ಅಂಗಡಿ ನೋಡಿಕೊಂಡಿರು ಎಂದು ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಗಿರಾಕಿಯ ಗಂಟಿಗೆ ಕೈ ಹಚ್ಚಿ ಅವಳನ್ನೂ ಕರೆದುಕೊಂಡು ಹೊರಟಳು.

"ಬರ್ರಿ ಅಕ್ಕಾರ," ಅನ್ನುತ್ತಿದ್ದಳು, "ಬಸ್ ಹತ್ತೋದ್ರೊಳಗ ಹೋಗಿ ಬರೋಣು. ಈ ಕಡಿ ಅದ, ಹಸರ ಗ್ವಾಡಿ."